ಹಿಮದಂಚಿನ ಕಡಲೊಳಗೆ ಏಳುವ ಅಲೆಗಳು

ಗ್ರೀನ್‌ಲ್ಯಾಂಡ್ ಮತ್ತು ಸ್ವಾಲ್‌ಬಾರ್ಡ್ ದ್ವೀಪಸಮೂಹದ ನಡುವಿನ ಫ್ರಾಮ್ ಜಲಸಂಧಿಯಲ್ಲಿ, ಹಿಮದ ಹೊದಿಕೆ ಮುಗಿದು ತೆರೆದ ನೀರು ಮೊದಲಾಗುವ ಕಡೆ, ಉಪಗ್ರಹದ ರೇಡಾರ್ ಚಿತ್ರಗಳಲ್ಲಿ ಕೆಲವೊಮ್ಮೆ ಬಿಳಿ-ಕಪ್ಪು ಪಟ್ಟೆಗಳ ಸಾಲೊಂದು ಕಾಣಿಸುತ್ತದೆ. ರೇಡಾರ್ ನೀರಿನೊಳಗೆ ಇಣುಕಲಾರದು. ಮೇಲ್ಮೈ ಎಲ್ಲಿ ಒರಟು, ಎಲ್ಲಿ ನುಣುಪು ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ವ್ಯತ್ಯಾಸಕ್ಕೆ ಕಾರಣ, ಕೆಳಗೆ ಸಾಗುತ್ತಿರುವ ಆಂತರಿಕ ಅಲೆಗಳು, ಅಂದರೆ ಹಗುರ ಮತ್ತು ಭಾರದ ನೀರಿನ ಪದರಗಳು ಸೇರುವಲ್ಲಿ ಏಳುವ ಅಲೆಗಳು, ಮೇಲಿನ ನೀರನ್ನು ಒಂದೆಡೆ ಒತ್ತಿ ಇನ್ನೊಂದೆಡೆ ಹರಡುವುದು.

ಜಲಸಂಧಿಗೆ ಹೆಸರು ಕೊಟ್ಟ 'ಫ್ರಾಮ್' ಹಡಗಿಗೂ ಇವುಗಳ ಪರಿಚಯವಿತ್ತು. 1893ರಲ್ಲಿ ಸೈಬೀರಿಯಾದ ಉತ್ತರ ತೀರದ ಬಳಿ, ಎಂಜಿನ್ ಓಡುತ್ತಿದ್ದರೂ, ನಾರ್ವೆಯ ಅನ್ವೇಷಕ ನಾನ್ಸೆನ್ ಅವರ ಆ ಹಡಗು ತೆವಳತೊಡಗಿತು. ಹಿಮ ಕರಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿದ್ದಾಗ, ಹಡಗಿನ ಶಕ್ತಿ ಎರಡೂ ಪದರಗಳ ನಡುವೆ ಅಲೆ ಎಬ್ಬಿಸುವುದರಲ್ಲಿ ವ್ಯಯವಾಗುತ್ತದೆಂದು ಸ್ವೀಡನ್ನಿನ ಸಾಗರವಿಜ್ಞಾನಿ ಎಕ್ಮನ್ ಅವರು ನೀರಿನ ತೊಟ್ಟಿಯಲ್ಲಿ ಮಾದರಿ ಹಡಗುಗಳನ್ನು ಎಳೆದು ನೋಡಿ ತೋರಿಸಿದರು; ಅವರ ಪ್ರಬಂಧ ಪ್ರಕಟವಾದದ್ದು 1904ರಲ್ಲಿ.

ಇಂಥ ಅಲೆಯನ್ನು ಕಣ್ಣಾರೆ ನೋಡಲು ನಾನು ಸಿದ್ಧಪಡಿಸಿರುವ ಗಾಜಿನ ತೊಟ್ಟಿಯ ತಳದಲ್ಲಿ ನೀಲಿ ಬಣ್ಣ ಬೆರೆಸಿದ ಉಪ್ಪುನೀರಿದೆ. ಸಿಹಿನೀರನ್ನು ತೇಲುವ ಸ್ಪಂಜಿನ ಮೇಲೆ ಸಣ್ಣಗೆ ಸುರಿದು ಅದರ ಮೇಲೆ ನಿಲ್ಲಿಸಿದ್ದೇನೆ. ಹಲಗೆಯ ತುಂಡೊಂದನ್ನು ಒಂದು ತುದಿಯಲ್ಲಿ ಮೆಲ್ಲನೆ ಅದ್ದಿ ತೆಗೆದರೆ ಮೇಲ್ಮೈ ಕದಲಿದ್ದೇ ತಿಳಿಯುವುದಿಲ್ಲ, ಆದರೆ ನೀಲಿಯ ಅಂಚು ಉಬ್ಬಿ, ಸೋಮಾರಿಯಂತೆ ಆಚೆ ತುದಿಗೆ ಸಾಗುತ್ತದೆ. ಎರಡು ನೀರುಗಳ ಸಾಂದ್ರತೆಯ ಅಂತರ ತೀರಾ ಅಲ್ಪವಾದ್ದರಿಂದ, ಮೇಲೆದ್ದ ನೀರನ್ನು ಮರಳಿ ಕೆಳಗೆಳೆಯುವ ಬಲವೂ ಅಲ್ಪ. ಹಾಗಾಗಿಯೇ ಕಡಲಿನಲ್ಲಿ ಇಂಥ ಅಲೆಗಳು ನಿಧಾನವಾಗಿ ಚಲಿಸಿದರೂ ಹತ್ತಾರು ಮೀಟರ್ ಎತ್ತರಕ್ಕೆ ಬೆಳೆಯಬಲ್ಲವು.

ಹಿಮದಂಚಿನಲ್ಲಿ ಇವನ್ನು ಎಬ್ಬಿಸುವುದು ಗಾಳಿ, ನೀರಿನೊಳಗೆ ಚಾಚಿಕೊಂಡು ಸರಿಯುವ ಹಿಮದ ದಿಬ್ಬಗಳು, ಮತ್ತು ಕಡಲತಳದ ಇಳಿಜಾರಿಗೆ ಬಡಿಯುವ ಉಬ್ಬರವಿಳಿತ. ಉಬ್ಬರವಿಳಿತದ ವಿಷಯದಲ್ಲಿ ಒಂದು ವಿಚಿತ್ರವಿದೆ. ಚಂದ್ರನಿಂದಾಗುವ 12.42 ಗಂಟೆಗಳ ಉಬ್ಬರವಿಳಿತ ಹುಟ್ಟಿಸುವ ಆಂತರಿಕ ಅಲೆ ಸುಮಾರು 74.5 ಡಿಗ್ರಿ ಅಕ್ಷಾಂಶದಿಂದ ಧ್ರುವದ ಕಡೆಗೆ ಸ್ವತಂತ್ರವಾಗಿ ದೂರ ಸಾಗಲಾರದು. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದು ಅದನ್ನು ತಡೆಯುತ್ತದೆ. ಹೀಗಾಗಿ ಅದರ ಶಕ್ತಿ ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕರಗಬೇಕಾಗುತ್ತದೆ.

ಆ ಶಕ್ತಿ ಅಲೆ ಮುರಿದು ನೀರು ಕಲಕುವುದರಲ್ಲಿ ಕರಗಿದರೆ, ಆಳದಲ್ಲಿರುವ ಅಟ್ಲಾಂಟಿಕ್ ಮೂಲದ ಬೆಚ್ಚನೆಯ ನೀರು ಮೇಲೇರಿ ಹಿಮಕ್ಕೆ ತಾಗಬಹುದು. ಹಿಮ ತೆಳುವಾದಷ್ಟೂ ಗಾಳಿ ಹೆಚ್ಚು ಅಲೆ ಎಬ್ಬಿಸಿ, ಹೆಚ್ಚು ಶಾಖವನ್ನು ಮೇಲೆ ತರುತ್ತದೆ ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅದು ಅಷ್ಟು ಸಲೀಸೆಂದು ನನಗನಿಸುವುದಿಲ್ಲ: ಕರಗುವ ಹಿಮವೇ ಮೇಲೆ ಹಗುರವಾದ ಸಿಹಿನೀರನ್ನು ಸೇರಿಸಿ ಪದರಗಳ ಸಾಂದ್ರತೆಯ ಅಂತರವನ್ನು ಹೆಚ್ಚಿಸುತ್ತದೆ, ಮತ್ತು ಅಂತರ ಹೆಚ್ಚಿದಷ್ಟೂ ಅವನ್ನು ಕಲಕುವುದು ಕಷ್ಟವಾಗುತ್ತದೆ.