ಕೊಂಡ ಪುಸ್ತಕವನ್ನು ಎಲ್ಲಿಡುತ್ತೇವೆ?

ಕೇಳುಗರೆಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರದ್ದೂ ಆಗಬೇಕಾದರೆ ಏನು ಮಾಡಬೇಕೆಂದು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: ದಲಿತರ, ಮಹಿಳೆಯರ, ಬುಡಕಟ್ಟು ಸಮುದಾಯಗಳ ಬರಹಗಳನ್ನು ಹೆಚ್ಚಾಗಿ ಕೊಳ್ಳಬೇಕು. ಕೊಳ್ಳಲೇಬೇಕು. ಆದರೆ ಕೊಂಡ ಪುಸ್ತಕವನ್ನು ಯಾವ ವರ್ಗಾಂಕ, ಅಂದರೆ ವಿಷಯ ಸೂಚಿಸುವ ಅಂಕೆ, ಕೊಟ್ಟು ಯಾವ ಕಪಾಟಿನಲ್ಲಿ ಇಡುತ್ತೇವೆ ಎಂಬುದನ್ನು ಯಾರೂ ಕೇಳುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಅದನ್ನೇ.

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ, ಕಪ್ಪು ಜನರ ಉನ್ನತ ಶಿಕ್ಷಣಕ್ಕೆ ಹೆಸರಾದ ಹೋವರ್ಡ್ ವಿಶ್ವವಿದ್ಯಾಲಯವಿದೆ. ಅಲ್ಲಿಗೆ 1914ರಲ್ಲಿ ಜೆಸ್ಸಿ ಮೂರ್‌ಲ್ಯಾಂಡ್ ಎಂಬುವರು ತಮ್ಮ ಪುಸ್ತಕ ಸಂಗ್ರಹವನ್ನು ದಾನವಾಗಿ ಕೊಟ್ಟಿದ್ದರು. 1930ರಲ್ಲಿ ಅದರ ಹೊಣೆ ಡೊರೊಥಿ ಪೋರ್ಟರ್ ಎಂಬ ಯುವ ಗ್ರಂಥಪಾಲಕಿಯ ಪಾಲಿಗೆ ಬಂತು. ಕೈಯಲ್ಲಿ ಹಣವಿರಲಿಲ್ಲ; ಪುಸ್ತಕ ವ್ಯಾಪಾರಿಗಳ ಸ್ನೇಹ ಸಂಪಾದಿಸಿ, ಪ್ರಕಾಶಕರನ್ನು ಕೇಳಿ, ಒಂದೊಂದಾಗಿ ಪುಸ್ತಕ ತಂದರು. ತಂದದ್ದನ್ನು ಜೋಡಿಸಲು ಕುಳಿತಾಗ ನಿಜವಾದ ಅಡ್ಡಿ ಎದುರಾಯಿತು. ಪ್ರತಿ ವಿಷಯಕ್ಕೂ ಒಂದು ಅಂಕ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ಬಳಸುತ್ತಿದ್ದ ಇತರ ಗ್ರಂಥಾಲಯಗಳು ಕಪ್ಪು ಲೇಖಕರ ಪುಸ್ತಕಗಳನ್ನು ಎರಡೇ ಅಂಕಗಳಡಿ ತುಂಬುತ್ತಿದ್ದವು: ವಸಾಹತು ಸ್ಥಾಪನೆಯ 325, ಗುಲಾಮಗಿರಿಯ 326. ಎಲ್ಲರೂ ಬಲ್ಲ ಕವಿಯೊಬ್ಬ ಬರೆದ ಕವಿತೆಗಳೂ ವಸಾಹತಿನ ಕಪಾಟಿಗೇ! ಬಿಳಿಯನಾಗಿದ್ದರೆ ಅದೇ ಕವಿ 811ರಲ್ಲಿ, ಅಮೆರಿಕದ ಕಾವ್ಯದ ನಡುವೆ ಇರುತ್ತಿದ್ದ. ಪೋರ್ಟರ್ ಇದನ್ನು ಒಪ್ಪಲಿಲ್ಲ. ಕಾವ್ಯವನ್ನು ಕಾವ್ಯದಲ್ಲಿ, ಇತಿಹಾಸವನ್ನು ಇತಿಹಾಸದಲ್ಲಿ, ಸಂಗೀತವನ್ನು ಸಂಗೀತದಲ್ಲಿ ಇಟ್ಟರು. 1973ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಆ ಸಂಗ್ರಹ ಜಗತ್ತಿನ ವಿದ್ವಾಂಸರು ಹುಡುಕಿಕೊಂಡು ಬರುವ ತಾಣವಾಗಿತ್ತು.

ಇದು ದೂರದ ಕಥೆಯೆಂದು ದಯವಿಟ್ಟು ಭಾವಿಸಬೇಡಿ. ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳ ಪುಸ್ತಕದ ಬೆನ್ನಿನ ಮೇಲಿರುವುದೂ ಡ್ಯೂಯಿಯ ಅಂಕಗಳೇ. ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ತುಳುವಿನ ಹೊಸ ಕವನ ಸಂಕಲನವೊಂದನ್ನು ಕೇಳಿದಳು. ಸಾಹಿತ್ಯದ ಸಾಲುಗಳಲ್ಲೆಲ್ಲ ಹುಡುಕಿದೆವು, ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು 398ರಲ್ಲಿ, ಜಾನಪದದ ಕಪಾಟಿನಲ್ಲಿ. ಬರೆದ ಕವಿ ನಮ್ಮ ನಡುವೆಯೇ ಇದ್ದರು, ಮುಖಪುಟದ ಮೇಲೆ ಅವರ ಹೆಸರಿತ್ತು. ಆದರೂ ತುಳು ಎಂದ ಕೂಡಲೇ ಜಾನಪದವೆಂದು ಬರೆದ ಕೈ ನಮ್ಮದೇ. ಆ ಪುಸ್ತಕವನ್ನು ನಾವು ಕೊಂಡಿದ್ದೆವು, ಲೆಕ್ಕಪತ್ರದಲ್ಲಿ ತೋರಿಸಿದ್ದೆವು, ಓದುಗರ ಕಣ್ಣಿಗೆ ಮಾತ್ರ ಬೀಳದಂತೆ ಇಟ್ಟಿದ್ದೆವು. ಕೊಡವ, ಬ್ಯಾರಿ ಭಾಷೆಗಳ ಪುಸ್ತಕಗಳಿಗೂ ಇದೇ ಗತಿಯಾಗದಂತೆ ನೋಡಿಕೊಳ್ಳಬೇಕು.

ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಕುರಿತ ತಮ್ಮ ಐದು ಸೂತ್ರಗಳಲ್ಲಿ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದಿದ್ದರು. ಜಾಗ ತಪ್ಪಿದ ಪುಸ್ತಕಕ್ಕೆ ಓದುಗ ಎಲ್ಲಿಂದ ಬರಬೇಕು?

ಅಂಧ ವಿದ್ಯಾರ್ಥಿಗಳ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಸಮಯ ಸಾಲದು. ಇಷ್ಟು ತಿಳಿದಿರಲಿ: 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾನೂನು ಅವರಿಗಾಗಿ ಬ್ರೈಲ್ ಅಥವಾ ಧ್ವನಿ ಪ್ರತಿ ಮಾಡಲು ಅವಕಾಶ ಕೊಟ್ಟಿದೆ. ಆ ಪ್ರತಿಗಳ ವಿವರವೂ ಕ್ಯಾಟಲಾಗಿನಲ್ಲಿ ಮೂಲ ಪುಸ್ತಕದ ಜೊತೆಯಲ್ಲೇ ಕಾಣಬೇಕು, ಬೇರೆ ಕಡತದಲ್ಲಿ ಅಲ್ಲ.

ವಿದ್ಯಾರ್ಥಿಗಳೇ, ಅಧ್ಯಾಪಕರೇ, ನಾಳೆ ನಿಮ್ಮ ಗ್ರಂಥಾಲಯದ 398ರ ಕಪಾಟಿನ ಮುಂದೆ ಹತ್ತು ನಿಮಿಷ ನಿಲ್ಲಿ. ಇಂದಿನ ಕವಿಯೊಬ್ಬರ ಸಂಕಲನ ಅಲ್ಲಿ ಕಂಡರೆ, ಅದರ ಹೆಸರನ್ನು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಿ. ನಮಸ್ಕಾರ.