ನಾತ ತಿಂದು ಬದುಕುವ ಜೀವಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇರುವವರಿಗೆ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ ನಾತದ ಪರಿಚಯ ಮಾಡಿಸಬೇಕಾಗಿಲ್ಲ. ಕೊಳೆತ ಮೊಟ್ಟೆಯಂಥ ಆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗಿಗೆ ಬಡಿಯುತ್ತದೆ. ಹತ್ತು ಲಕ್ಷಕ್ಕೆ ನೂರು ಪಾಲಿನಷ್ಟು ಏರಿತೆಂದರೆ ಮಾತ್ರ ಮೂಗೇ ಮರಗಟ್ಟಿ, ವಾಸನೆ ತಿಳಿಯುವುದೇ ಇಲ್ಲ. ಅಪಾಯ ಇರುವುದು ಅಲ್ಲೇ.

ಇದನ್ನು ಕಳೆಯಲು ಇದ್ದಿಲಿನ ಮೂಲಕ ಗಾಳಿ ಹಾಯಿಸುವವರಿದ್ದಾರೆ. ಇದ್ದಿಲು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದ ಮೇಲೆ ಬದಲಿಸಲೇಬೇಕು. ಕಾಸ್ಟಿಕ್ ಸೋಡಾ, ಬ್ಲೀಚ್ ಬೆರೆಸಿದ ನೀರಿನಲ್ಲಿ ಗಾಳಿಯನ್ನು ತೊಳೆಯುವುದು ಇನ್ನೊಂದು ದಾರಿ. ಅದಕ್ಕೆ ರಾಸಾಯನಿಕದ ಖರ್ಚು ನಿಲ್ಲುವುದೇ ಇಲ್ಲ.

ಮೂರನೆಯದು ಬಯೋಫಿಲ್ಟರ್. ಸುಮಾರು ಒಂದು ಮೀಟರ್ ದಪ್ಪಕ್ಕೆ ಕಾಂಪೋಸ್ಟ್, ಮರದ ಚಕ್ಕೆ ಅಥವಾ ತೆಂಗಿನ ನಾರು ಹಾಸಿ, ಅಡಿಯಲ್ಲಿ ತೂತಿನ ಪೈಪು ಇಟ್ಟು, ಬ್ಲೋವರ್‌ನಿಂದ ನಾತದ ಗಾಳಿ ಊದುತ್ತಾರೆ. ಚಕ್ಕೆಗಳಿಗೆ ಅಂಟಿದ ನೀರಿನ ಪೊರೆಯಲ್ಲಿ ಅನಿಲ ಕರಗುತ್ತದೆ. ಅಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಬರೀ ಮಣ್ಣಿನ ಹಾಸಿನಿಂದಲೇ ಈ ಕೆಲಸ ಮಾಡಿಸುವ ವಿಧಾನಕ್ಕೆ ಕ್ಯಾಲಿಫೋರ್ನಿಯಾದ ರಿಚರ್ಡ್ ಪೊಮೆರಾಯ್ 1957ರಲ್ಲೇ ಪೇಟೆಂಟ್ ಪಡೆದಿದ್ದರು.

ಆದರೆ ಇಂಥ ಹಾಸಿನಲ್ಲಿ ಗಾಳಿ ಅರ್ಧ ನಿಮಿಷದಷ್ಟಾದರೂ ನಿಲ್ಲಬೇಕು, ಜಾಗ ಬಹಳ ಬೇಕು. ಅದೇ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಕೊಳಚೆ ನೀರಿನ ಘಟಕದಲ್ಲಿ ಡೇವಿಡ್ ಗೇಬ್ರಿಯಲ್ ಮತ್ತು ಮಾರ್ಕ್ ದೆಶುಸೆ ಈ ಮಾತನ್ನು ತಿರುವುಮುರುವು ಮಾಡಿದರು. 2003ರಲ್ಲಿ ಅವರು ವರದಿ ಮಾಡಿದ ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಹೊಸ ಗೋಪುರ ಕಟ್ಟಲಿಲ್ಲ. ರಾಸಾಯನಿಕದಿಂದ ಗಾಳಿ ತೊಳೆಯುತ್ತಿದ್ದ ಹಳೆಯ ಗೋಪುರವನ್ನೇ ಖಾಲಿ ಮಾಡಿ, ಪಾಲಿಯುರೆಥೇನ್ ಫೋಮಿನ ತುಂಡುಗಳನ್ನು ತುಂಬಿ, ಘಟಕದಲ್ಲೇ ಶುದ್ಧವಾದ ನೀರನ್ನು ಮೇಲಿನಿಂದ ಜಿನುಗಿಸಿದರು. ಬ್ಯಾಕ್ಟೀರಿಯಾಗಳಿಗೆ ಬೇಕಾದ ಪೋಷಕಾಂಶ ಆ ನೀರಿನಲ್ಲೇ ಇತ್ತು. ಗಾಳಿ ಗೋಪುರದಲ್ಲಿ ಇರುತ್ತಿದ್ದುದು ಸುಮಾರು ಎರಡೇ ಸೆಕೆಂಡು, ಆದರೂ ಹೈಡ್ರೋಜನ್ ಸಲ್ಫೈಡ್ ಹೆಚ್ಚುಕಡಿಮೆ ಪೂರ್ತಿ ಹೋಗುತ್ತಿತ್ತು. ತಿಂದ ಅನಿಲದಲ್ಲಿರುವ ಗಂಧಕ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಈ ಬ್ಯಾಕ್ಟೀರಿಯಾಗಳಿಗೋ ಆಮ್ಲವೆಂದರೆ ಇಷ್ಟ. ಜಿನುಗುವ ನೀರು ಹೆಚ್ಚಾದದ್ದನ್ನು ತೊಳೆದು ಹೊರಗೆ ಒಯ್ಯುತ್ತದೆ. ಕಾಂಪೋಸ್ಟ್ ಹಾಸಿಗೆ ಆ ಅನುಕೂಲವಿಲ್ಲ, ಅದು ಹುಳಿಯಾಗಿ ಕೆಡುತ್ತದೆ.

ಪೇಂಟು, ಥಿನ್ನರ್ ಆವಿಯ ಮಾತೇ ಬೇರೆ. ಥಿನ್ನರ್‌ನಲ್ಲಿರುವ ಟೊಲ್ವೀನನ್ನು ಸೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಸಲೀಸಾಗಿ ತಿನ್ನುತ್ತವೆ. ತೊಂದರೆ ಬರುವುದು ಕಾರ್ಖಾನೆಯ ವೇಳಾಪಟ್ಟಿಯಿಂದ. ಭಾನುವಾರ ಪೂರ್ತಿ ಉಪವಾಸ, ಸೋಮವಾರ ಬೆಳಿಗ್ಗೆ ಒಮ್ಮೆಲೇ ಮೈಮೇಲೆ ಬೀಳುವ ಆವಿ! ಹೀಗಾಗಿ ಫಿಲ್ಟರಿನ ಮುಂದೆ ಒಂದಿಷ್ಟು ಇದ್ದಿಲು ಇಟ್ಟು ಏರಿಳಿತವನ್ನು ಸಮ ಮಾಡುವುದುಂಟು. ಅಡುಗೆ ಎಣ್ಣೆ ತೆಗೆಯುವ ಕಾರ್ಖಾನೆಗಳು ದ್ರಾವಕವಾಗಿ ಬಳಸುವ ಹೆಕ್ಸೇನ್ ಇನ್ನೂ ಮೊಂಡು, ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಅಲ್ಲಿ ಶಿಲೀಂಧ್ರಗಳೇ ಮೇಲು. ಅವುಗಳ ಎಳೆಗಳು ಗಾಳಿಯಲ್ಲೇ ಚಾಚಿಕೊಂಡು ಆವಿಯನ್ನು ನೇರವಾಗಿ ಹೀರುತ್ತವೆ.

ಬಯೋಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂಬ ದೂರು ಬಂದಾಗ ನಾನಾದರೆ ಮೊದಲು ನೋಡುವುದು ತೇವವನ್ನು. ಒಣಗಾಳಿ ಊದುತ್ತಲೇ ಇದ್ದರೆ ಹಾಸು ಒಣಗಿ ಬಿರುಕು ಬಿಡುತ್ತದೆ. ಗಾಳಿಗೆ ಬಿರುಕು ಸಿಕ್ಕರೆ ಸಾಕು, ಅಲ್ಲಿಂದಲೇ ಹೊರಗೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಇದಕ್ಕೆ ಹೆಚ್ಚು ದಿನ ಬೇಡ. ಒಂದು ಅಡಿ ಆಳದಿಂದ ಒಂದು ಹಿಡಿ ತೆಗೆದು ಹಿಂಡಿ ನೋಡಬೇಕು. ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಗಾಳಿಯನ್ನು ಒಳಗೆ ಬಿಡುವ ಮೊದಲೇ ನೀರಿನ ತುಂತುರಿನಲ್ಲಿ ಹಾಯಿಸಿದರೆ ಅರ್ಧ ಕಷ್ಟ ತಪ್ಪುತ್ತದೆ.

ಇನ್ನೊಂದು ಮಾತು. ಕಾಂಪೋಸ್ಟ್ ಹಾಸು ಕೆಲವು ವರ್ಷಗಳಲ್ಲಿ ಕೊಳೆತು ಕುಸಿದು ಬಿಗಿಯಾಗುತ್ತದೆ, ಬ್ಲೋವರ್ ಏದುಸಿರು ಬಿಡತೊಡಗುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ. ಹಾಸು ಬದಲಿಸುವ ಖರ್ಚು ಯಾರದ್ದು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ. ನಮಸ್ಕಾರ.