ತಾಮ್ರದ ಮೇಲೆ ಇಂಕ್‌ಜೆಟ್ ಶಾಯಿ ಏಕೆ ಒಣಗುವುದಿಲ್ಲ?

[ದೃಶ್ಯ: ತಾಮ್ರದ ಬೋರ್ಡಿನ ಮೇಲೆ ಮುದ್ರಿಸಿದ ಗೆರೆಗಳು. ಬೆರಳು ಸೋಕಿದೊಡನೆ ಒಂದು ಗೆರೆ ಕದಡುತ್ತದೆ.]

ಸರ್ಕ್ಯೂಟ್ ಬೋರ್ಡ್ ಮಾಡಲೆಂದು ಇಂಕ್‌ಜೆಟ್ ಪ್ರಿಂಟರಿನಿಂದ ನೇರವಾಗಿ ತಾಮ್ರದ ಮೇಲೆ ಮುದ್ರಿಸಿ ಒಂದು ಗಂಟೆ ಕಳೆದಿದೆ, ಆದರೂ ಟ್ರ್ಯಾಕ್, ಅಂದರೆ ವಿದ್ಯುತ್ ಹರಿಯಬೇಕಾದ ದಾರಿಯ ಗೆರೆ, ಬೆರಳಿಗೆ ಹತ್ತಿಕೊಂಡು ಬಂದಿತು. ಇದೇ ಶಾಯಿ ಕಾಗದದ ಮೇಲೆ ಕ್ಷಣಗಳಲ್ಲಿ ಒಣಗುತ್ತದೆಯಲ್ಲ, ಇಲ್ಲೇಕೆ ಇಲ್ಲ? ಶಾಯಿ ಮುಚ್ಚಿದ ತಾಮ್ರ ಉಳಿದು ಮಿಕ್ಕದ್ದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಬೇಕು (ಇದೇ ಎಚಿಂಗ್); ಅದಕ್ಕೆ ಮೊದಲು ಶಾಯಿ ಗಟ್ಟಿಯಾಗಿ ಕೂರಬೇಕು.

ಕಾಗದದ ಮೇಲೂ ಶಾಯಿ ಅಷ್ಟು ಬೇಗ ಒಣಗುವುದಿಲ್ಲ. ನಾರು ಅದನ್ನು ಹೀರಿಕೊಳ್ಳುವುದರಿಂದ ಒಣಗಿದಂತೆ ಕಾಣುತ್ತದೆ, ಅಷ್ಟೆ. ತಾಮ್ರದಲ್ಲಿ ನಾರೂ ಇಲ್ಲ, ರಂಧ್ರವೂ ಇಲ್ಲ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಒಂದು ಹನಿ.]

ಈ ಹನಿಯನ್ನು ಸ್ವಲ್ಪ ಹೊತ್ತು ನೋಡೋಣ, ಏಕೆಂದರೆ ಗುಟ್ಟೆಲ್ಲ ಇದರೊಳಗೇ ಇದೆ. 4 ಪಿಕೋಲೀಟರಿನ ಹನಿಯ ಅಡ್ಡಳತೆ ಸುಮಾರು 20 ಮೈಕ್ರೋಮೀಟರ್. ಹನಿ ಚಿಮ್ಮುವ, ಕೂದಲಿಗಿಂತ ಕಿರಿದಾದ ತೂತಿನಲ್ಲಿ (ನಾಝಲ್‌ನಲ್ಲಿ) ಶಾಯಿ ಕಟ್ಟಿಕೊಳ್ಳಬಾರದೆಂದು ನೀರಿನ ಜೊತೆಗೆ ಗ್ಲಿಸರಿನ್, ಗ್ಲೈಕಾಲ್‌ನಂತಹ ದ್ರವಗಳನ್ನು ಬೇಕೆಂದೇ ಬೆರೆಸಿರುತ್ತಾರೆ. ನೀರು ಬಹುಬೇಗ ಆರಿಹೋಗುತ್ತದೆ. ಗ್ಲಿಸರಿನ್ ಹಾಗಲ್ಲ: ಅದು ಕುದಿಯುವುದೇ 290 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಲದ್ದಕ್ಕೆ ಗಾಳಿಯ ತೇವವನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಒಣಗಬಾರದೆಂದೇ ತಯಾರಿಸಿದ ದ್ರವ ತಾನಾಗಿ ಒಣಗಲೆಂದು ನಾವು ಕಾಯುತ್ತಿದ್ದೇವೆ! ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ಇದೇ.

ಆದ್ದರಿಂದ ಫ್ಯಾನಿನ ಕೆಳಗಿಟ್ಟು ಫಲವಿಲ್ಲ, ಬೋರ್ಡನ್ನು ಕಾಯಿಸಬೇಕು. ಹಾಗೆಂದು ಎಲ್ಲ ಶಾಯಿಯೂ ಇದಕ್ಕೆ ಒದಗುವುದಿಲ್ಲ. ಡೈ ಶಾಯಿಯ ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಚಿಂಗ್ ದ್ರಾವಣದಲ್ಲಿ ಮತ್ತೆ ಬಿಟ್ಟುಕೊಳ್ಳುತ್ತದೆ. ಎಪ್ಸನ್ನಿನ ಡ್ಯುರಾಬ್ರೈಟ್‌ನಂತಹ ಪಿಗ್ಮೆಂಟ್ ಶಾಯಿಯಲ್ಲಾದರೋ ನೀರಿನಲ್ಲಿ ಕರಗದ ಬಣ್ಣದ ಕಣಗಳಿದ್ದು, ಅವಕ್ಕೆ ರಾಳದ ಹೊದಿಕೆ ಇರುತ್ತದೆ. ಓವನ್‌ನಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಗ್ಲಿಸರಿನ್ ಆವಿಯಾಗಿ ಹೋಗುತ್ತದೆ, ರಾಳ ಮೆತ್ತಗಾಗಿ ಕಣಗಳು ಒಂದಕ್ಕೊಂದು ಬೆಸೆದುಕೊಂಡು ತಾಮ್ರಕ್ಕೆ ಕಚ್ಚಿಕೊಳ್ಳುತ್ತವೆ.

ಸಮಯ ಮೀರುತ್ತಿರುವುದರಿಂದ ಉಳಿದವನ್ನು ಒಟ್ಟಿಗೆ ಹೇಳುತ್ತೇನೆ. ಮುದ್ರಿಸುವ ಮೊದಲು ತಾಮ್ರವನ್ನು ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಜಿಡ್ಡಿದ್ದರೆ ಶಾಯಿ ಮಣಿಮಣಿಯಾಗಿ ಕೂಡಿಕೊಳ್ಳುತ್ತದೆ. ಓವನ್ ಬದಲು ಹೀಟ್ ಗನ್ (ಬಿಸಿಗಾಳಿ ಊದುವ ಸಾಧನ) ಬಳಸಿ ಒಂದೇ ಕಡೆ ಹಿಡಿದರೆ ಬೋರ್ಡ್ ಕಂದುಬಣ್ಣಕ್ಕೆ ತಿರುಗುತ್ತದೆ. ಅಡುಗೆಯ ಓವನ್ನನ್ನು ದಯವಿಟ್ಟು ಇದಕ್ಕೆ ಬಳಸಬೇಡಿ, ಕಿಟಕಿ ತೆರೆದಿಡಿ. ಬೋರ್ಡ್ ತಣ್ಣಗಾದ ಮೇಲೆ ಒದ್ದೆ ಹತ್ತಿಯಿಂದ ಒಂದು ಮೂಲೆಯನ್ನು ಉಜ್ಜಿ ನೋಡಿ: ಹತ್ತಿಗೆ ಬಣ್ಣ ಹತ್ತಿದರೆ ಇನ್ನೂ ಐದು ನಿಮಿಷ ಕಾಯಿಸಬೇಕು, ಹತ್ತದಿದ್ದರೆ ಎಚಿಂಗ್‌ಗೆ ಇಳಿಸಬಹುದು.